ಒದ್ದೆ ಚೆಂಡು

ಲೈನಸ್ ವೈಗಲ್ ಹೆಸರೆತ್ತಿದರೆ ಕಾನ್ಸಾಸಿನ ಈ ಜರ್ಮನ್ ಒಕ್ಕಲಿನ ಊರು, ನಮ್ಮ ನೊಯ್ಫೆಲ್ಡಿನಲ್ಲಿ ಇವತ್ತಿಗೂ ಯಾರಾದರೊಬ್ಬರು ಆ ಹತ್ತೊಂಬತ್ತು ಜನರ ಕತೆ ಶುರುಮಾಡುತ್ತಾರೆ. ಅದು ಸಾವಿರದ ಒಂಬೈನೂರ ನಲವತ್ತೈದರ ಆಗಸ್ಟು. ಗೋಧಿ ಕೊಯ್ಲು ಮುಗಿದಿತ್ತು, ಯುದ್ಧವೂ ಮುಗಿದು ಹತ್ತು ದಿನವಾಗಿತ್ತು. ಪಕ್ಕದ ಪಟ್ಟಣದಿಂದ ರೈಲ್ವೆಯವರ ತಂಡ ನಮ್ಮ ಇಗರ್ಜಿಯ ಹಿಂದಿನ ಬಯಲಿಗೆ ಬೇಸ್‌ಬಾಲ್ ಆಡಲು ಬಂತು. ಮೀಸೆ ಬಂದ ಗಂಡಸರು, ತೋಳೆಲ್ಲ ಗಟ್ಟಿ. ನಮ್ಮ ಕಡೆ ಚೆಂಡು ಎಸೆಯಲು ನಿಂತವನು ಹದಿನೆಂಟು ವರ್ಷದ ಲೈನಸ್, ಬಡಿಗೆಗೆ ಅಂಗಿ ತೊಡಿಸಿದಂತೆ ಇದ್ದ. ಇಪ್ಪತ್ತೇಳು ಜನರನ್ನು ಔಟ್ ಮಾಡಬೇಕಾದ ಆಟದಲ್ಲಿ ಹತ್ತೊಂಬತ್ತು ಜನರನ್ನು ಅವನೊಬ್ಬನೇ, ಚೆಂಡಿಗೆ ಬ್ಯಾಟು ತಾಗಿಸಲೂ ಬಿಡದೆ, ಬೆಂಚಿಗೆ ಅಟ್ಟಿದ. ಬಯಲಿನ ಸುತ್ತ ನಿಂತಿದ್ದ ಕಾರು, ಲಾರಿಗಳ ಹಾರನ್ನು ಎಷ್ಟು ಹೊತ್ತು ಮೊಳಗಿತೆಂದರೆ ಫಾದರ್ ಎಮ್ಮೆರಾಮ್ ಸಂಜೆಯ ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿ, ಜಪಮಾಲೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದರು.

ನಾನು ನಮ್ಮ ಲಾರಿಯ ತಲೆಯ ಮೇಲೆ ಕೂತಿದ್ದೆ. ಊರಿಗೆಲ್ಲ ಅದು ಬೆರಗು. ನನಗೆ ಬೆರಗಾಗಲಿಲ್ಲ. ಅದಕ್ಕೆ ಹಿಂದಿನ ಎರಡು ಚಳಿಗಾಲ ಆ ಚೆಂಡುಗಳನ್ನೆಲ್ಲ ಹಿಡಿದವಳು ನಾನೇ.

ನನ್ನ ಹೆಸರು ಒಟಿಲಿಯಾ. ಎಲ್ಲರೂ ಕರೆಯುವುದು ಟಿಲ್ಲಿ ಎಂದು. ಲೈನಸ್ ನನ್ನ ಓರಗೆಯವನು; ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದು ಸಾಲು ಕಲ್ಲುಗಂಬದ ಬೇಲಿ. ನನ್ನ ಇಬ್ಬರು ಅಣ್ಣಂದಿರೂ ಯುದ್ಧಕ್ಕೆ ಹೋಗಿದ್ದರು. ಊರಿನಲ್ಲಿ ಚೆಂಡು ಹಿಡಿಯಬಲ್ಲ ಗಂಡು ಎಂದರೆ ಕ್ಷೌರಿಕ ಕ್ಲೆಮೆನ್ಸ್ ಒಬ್ಬ, ಅವನಿಗೂ ಮೊಣಕಾಲು ನೋವು. ಒಂದು ದಿನ ಲೈನಸ್ ಬೇಲಿಯ ಹತ್ತಿರ ಬಂದು, "ನಿಮ್ಮಣ್ಣನ ಗ್ಲೌಸ್ ಕೊಡ್ತೀಯಾ?" ಎಂದ.

"ಕೊಟ್ರೆ ಯಾರು ಹಿಡೀತಾರೆ? ನಿಮ್ಮನೆ ಹಸು ಹಿಡಿಯುತ್ತಾ?"

"ಗೋಡೆ ಇದೆಯಲ್ಲ."

"ಗೋಡೆಗೆ ಯಾಕೆ ಗ್ಲೌಸು? ನಡಿ, ನಾನೇ ಹಿಡೀತೀನಿ."

ಅವರ ಕಲ್ಲಿನ ಕೊಟ್ಟಿಗೆಯೊಳಗೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನು ಕುಕ್ಕರಗಾಲಲ್ಲಿ ಕೂತೆ. ಮೊದಲನೆಯ ಚೆಂಡು ಗ್ಲೌಸಿಗೆ ಬಿದ್ದಾಗ ಭುಜದವರೆಗೂ ಸಿಡಿಲು ಹತ್ತಿದಂತಾಯಿತು. ಅಳು ಬಂತು. ಅಳಲಿಲ್ಲ.

"ಏನೇ, ಕೈ ಇದ್ಯಾ ಉದುರಿಹೋಯ್ತಾ?" ಎಂದು ಕೂಗಿದ.

"ನಮ್ಮಜ್ಜಿ ಸೀನಿದ್ರೆ ಇದಕ್ಕಿಂತ ಜೋರಿರುತ್ತೆ. ಎಸಿ ಎಸಿ."

ರಾತ್ರಿ ಅಮ್ಮ ಅಂಗೈಗೆ ಹುಳಿ ಎಲೆಕೋಸು ಕಟ್ಟಿದಳು. ಬೈದಳು. ಮಾರನೆಯ ದಿನ ಮತ್ತೆ ಹೋದೆ. ತಿಂಗಳು ಕಳೆಯುವಷ್ಟರಲ್ಲಿ ಅವನ ಕೈ ನನಗೆ ಬಾಯಿಪಾಠವಾಯಿತು. ನಾನು ಗ್ಲೌಸನ್ನು ಎಲ್ಲಿಟ್ಟರೆ ಚೆಂಡು ಅಲ್ಲಿಗೇ ಬರುತ್ತಿತ್ತು. ಒಂದೊಂದು ಸಲ ಪಂದ್ಯ ಕಟ್ಟಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಗಾಳಿ ಸೀಳುವ ಸದ್ದು, ಆಮೇಲೆ ಚರ್ಮದ ಮೇಲೆ ಚಟೀರ್. ಬೆಳ್ಳಗೆ ಉಸಿರು ಬಿಡುತ್ತ ಅವನು ನಗುತ್ತಿದ್ದ. ಬೇಲಿಯ ಕಲ್ಲುಗಂಬಗಳ ಮೇಲೆ ಆರು ತಗಡಿನ ಡಬ್ಬ ಇಟ್ಟರೆ ಆರೇ ಎಸೆತಕ್ಕೆ ಬೀಳಿಸುತ್ತಿದ್ದ. ಏಳನೆಯದು ಬೇಕಾಗಿದ್ದನ್ನು ನಾನು ಕಂಡಿಲ್ಲ. ನನ್ನ ಬದುಕಿನಲ್ಲಿ ಸುಖ ಎಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕೊಟ್ಟಿಗೆ, ಹೊಟ್ಟಿನ ವಾಸನೆ, ಆ ಚಟೀರ್ ಸದ್ದು. ಗಂಡ, ಮಕ್ಕಳೆಲ್ಲ ಆಮೇಲೆ. ಇದನ್ನು ಹೇಳಬಾರದು, ಆದರೂ ನಿಜ.

ಆ ಹತ್ತೊಂಬತ್ತರ ಆಟ ನೋಡಲು ದೊಡ್ಡ ತಂಡವೊಂದರ ಮನುಷ್ಯ ಬಂದಿದ್ದ. ಮುಂದಿನ ವಸಂತದಲ್ಲಿ ಲೈನಸ್ ಊರುಬಿಟ್ಟ. ಆಗ ದೊಡ್ಡ ತಂಡಗಳಿಗೆ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳು. ಅವನು ವರ್ಷಕ್ಕೊಂದು ಮೆಟ್ಟಿಲು ಹತ್ತಿದ. ನಾನು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅವನು ಎಸೆಯುವ ದಿನ ಕ್ಲೆಮೆನ್ಸನ ಅಂಗಡಿಯಲ್ಲಿ ರೇಡಿಯೋ ಹಾಕುತ್ತಿದ್ದರು. ಅರ್ಧ ಗಡ್ಡ ಹೆರೆಸಿಕೊಂಡವರು ನೊರೆ ಒಣಗಿದರೂ ಏಳುತ್ತಿರಲಿಲ್ಲ. "ನಮ್ಮ ಹುಡುಗ, ನಮ್ಮ ಬಯಲಿನ ಮಣ್ಣು ತಿಂದೋನು" ಎಂದು ಕ್ಲೆಮೆನ್ಸ್ ಕತ್ತರಿ ಎತ್ತಿ ಹಿಡಿದು ಹೇಳುತ್ತಿದ್ದ. ಇನ್ನೊಂದೇ ಮೆಟ್ಟಿಲು, ಆಮೇಲೆ ಲೈನಸ್ ದೊಡ್ಡ ತಂಡದಲ್ಲಿ ಎಂದು ಊರೇ ಕಾಯುತ್ತಿತ್ತು.

ಐವತ್ತೊಂದರ ಮೇ ತಿಂಗಳು. ನಾನು ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದೆ. ದೂರದ ಕರೆ ಬಂತು, ವೈಗಲ್ ಮನೆ ಬೇಕೆಂದರು. ತಂತಿ ಜೋಡಿಸಿದೆ. ಹೆಡ್‌ಫೋನನ್ನು ಕಿವಿಯಿಂದ ತೆಗೆಯಬೇಕಿತ್ತು, ತೆಗೆಯಲಿಲ್ಲ. ತಂಡದ ಮೇಲ್ವಿಚಾರಕ ಲೈನಸನ ತಾಯಿ ಗ್ರೇಟಾ ಅತ್ತೆಗೆ ಹೇಳುತ್ತಿದ್ದ: "ನಿಮ್ಮ ಮಗನಿಗೆ ಏನೂ ಆಗಿಲ್ಲಮ್ಮ, ಹೆದರಬೇಡಿ. ಅವನು ಎಸೆದ ಚೆಂಡು ಒಬ್ಬ ಹುಡುಗನ ತಲೆಗೆ ಬಿತ್ತು. ಬೆಳಿಗ್ಗೆ ಆ ಹುಡುಗ ತೀರಿಕೊಂಡ. ಮಳೆ ಹನಿದಿತ್ತು, ಚೆಂಡು ಜಾರಿತು. ಯಾರ ತಪ್ಪೂ ಇಲ್ಲ."

ಗ್ರೇಟಾ ಅತ್ತೆ, "ಆ ಹುಡುಗನಿಗೆ ತಾಯಿ ಇದಾಳಾ?" ಎಂದು ಕೇಳಿದಳು.

ಅವನ ಹೆಸರು ಡೂಯಿ ಹಾಲಿಸ್. ಒಕ್ಲಹೋಮದವನು. ಆಗ ತಲೆಗೆ ಯಾರೂ ಏನೂ ಹಾಕುತ್ತಿರಲಿಲ್ಲ, ಬಟ್ಟೆಯ ಟೊಪ್ಪಿ ಅಷ್ಟೆ. ಪೇಪರಿನಲ್ಲೂ ಹಾಗೇ ಬಂತು, ಒದ್ದೆ ಚೆಂಡು ಜಾರಿತು ಎಂದು. ಪಂದ್ಯ ನಡೆಸುವ ಲೀಗಿನವರು ವಿಚಾರಣೆ ಮಾಡಿ ಒಂದು ವಾರದಲ್ಲಿ ಮುಗಿಸಿದರು. ಲೈನಸ್ ಜೂನ್ ಮೊದಲ ವಾರ ರೈಲಿನಲ್ಲಿ ಊರಿಗೆ ಬಂದ. ಜನ ಸ್ಟೇಷನ್ನಿಗೆ ಹೋದರು, ಅವನ ಬೆನ್ನು ತಟ್ಟಿದರು. ಫಾದರ್ ಎಮ್ಮೆರಾಮ್ ಭಾನುವಾರ ಅವನಿಗಾಗಿಯೂ ಸತ್ತವನಿಗಾಗಿಯೂ ಪೂಜೆ ಅರ್ಪಿಸಿದರು. ಅವನು ಹಿಂದಿನ ಬೆಂಚಿನಲ್ಲಿ, ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಬೇಲಿಯ ಹತ್ತಿರ ಸಿಕ್ಕ. ಇಬ್ಬರೂ ಕಲ್ಲುಗಂಬಕ್ಕೆ ಒರಗಿ ನಿಂತೆವು. ಕೂಳೆ ಹೊಲದ ಮೇಲೆ ಬಿಸಿಗಾಳಿ ಬೀಸುತ್ತಿತ್ತು.

"ಟಿಲ್ಲಿ, ಅಲ್ನೋಡು," ಎಂದ. "ಆ ಗಾಳಿಯಂತ್ರದ ಪಕ್ಕ."

"ಏನಿದೆ?"

"ನಿನಗೆ ಕಾಣ್ಸಲ್ಲ, ಗೊತ್ತು. ಡೂಯಿ ನಿಂತಿದಾನೆ. ಬ್ಯಾಟು ಭುಜದ ಮೇಲಿಟ್ಕೊಂಡು. ಹೊಲದಲ್ಲೂ ನಿಂತಿರ್ತಾನೆ, ಇಗರ್ಜಿಲೂ ನಿಂತಿರ್ತಾನೆ. ಏನೂ ಮಾಡಲ್ಲ. ನಾನು ಎಸೀಲಿ ಅಂತ ಕಾಯ್ತಿರ್ತಾನೆ."

ಆ ಬಿಸಿಲಿನಲ್ಲೂ ನನ್ನ ತೋಳಿನ ಕೂದಲು ನೆಟ್ಟಗಾಯಿತು. "ಜಾರಿದ್ದು ಕಣೋ," ಎಂದೆ. "ನೀನು ಬೇಕಂತ ಮಾಡಿದ್ದಾ?"

ಅವನು ನನ್ನನ್ನು ನೋಡಿದ. "ಬೆಳಿಗ್ಗೆ ಮಳೆ ಹನಿದಿದ್ದು ನಿಜ. ಆದ್ರೆ ಆ ಚೆಂಡು ಹೊಸದು. ಅಂಪೈರು ಆಗಷ್ಟೇ ಜೇಬಿಂದ ತೆಗೆದುಕೊಟ್ಟಿದ್ದ. ಒಣಗಿತ್ತು, ಟಿಲ್ಲಿ."

ಡೂಯಿ ಅದಕ್ಕೆ ಮೊದಲು ಅವನ ಎರಡು ಚೆಂಡುಗಳನ್ನು ಮೈದಾನದ ಬೇಲಿಯಾಚೆ ಅಟ್ಟಿದ್ದನಂತೆ. ಮೂರನೆಯ ಸಲ ಅವನು ಬಂದಾಗ ಮೇಲ್ವಿಚಾರಕ ಬೆಂಚಿನಿಂದ ಕಿವಿ ಮುಟ್ಟಿಕೊಂಡು ಸನ್ನೆ ಮಾಡಿದ: ಅವನನ್ನು ಹೆದರಿಸು. ಗಲ್ಲದ ಕೆಳಗೆ ಗಾಳಿ ಹೊಡೆಯುವಂತೆ ಒಂದು ಚೆಂಡು ಎಸೆದರೆ ಬ್ಯಾಟು ಹಿಡಿದವನು ಹಿಂದಕ್ಕೆ ಸರಿಯುತ್ತಾನೆ, ಆಮೇಲೆ ಧೈರ್ಯವಾಗಿ ನಿಲ್ಲುವುದಿಲ್ಲ. ಎಲ್ಲರೂ ಮಾಡುವ ಕೆಲಸ. ಲೈನಸ್ ಗಲ್ಲದಿಂದ ಒಂದು ಗೇಣು ದೂರಕ್ಕೆ ಗುರಿಯಿಟ್ಟ. ಆ ಒಂದು ಗೇಣು ತಪ್ಪಿತು.

"ಇದನ್ನ ಯಾರಿಗೆಲ್ಲ ಹೇಳಿದೀಯಾ?" ಎಂದು ಕೇಳಿದೆ.

"ಫಾದರ್‌ಗೆ ಹೇಳಿದೀನಿ."

"ಅಲ್ಲಿಗೆ ಸಾಕು. ಇನ್ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿಮ್ಮಮ್ಮನ ಹತ್ರಾನೂ. ಒದ್ದೆ ಚೆಂಡು ಜಾರಿತು, ಮುಗೀತು."

ಅವನಿಗಾಗಿ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ನನಗಾಗಿಯೇ ಹೇಳಿದ್ದು. ನಾನು ಹಿಡಿದ ಚೆಂಡುಗಳಿಗೆ ಒಂದು ಕಲೆಯೂ ಅಂಟಬಾರದು ಅನ್ನುವ ಆಸೆ.

ಮಾರನೆಯ ವರ್ಷ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಹನ್ನೊಂದರ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನೇರ ಎಕ್ಸ್‌ಚೇಂಜಿಗೆ ಬಂದಳು. ಐವತ್ತರ ಆಸುಪಾಸು. ನೀಲಿ ಟೊಪ್ಪಿ, ಇಸ್ತ್ರಿ ಮಾಡಿದ ಕೋಟು, ಕಾಲಿಗೆ ಮಾತ್ರ ಗಂಡಸರ ಬೂಟು.

"ವೈಗಲ್ ಅವರ ಹೊಲ ಯಾವ ಕಡೆ ಮಗಳೇ?"

"ಎರಡು ಮೈಲಿ ಇದೆ. ನೀವು ಯಾರು ಅಂತ ಹೇಳ್ಲಿ? ಫೋನ್ ಮಾಡ್ತೀನಿ."

"ಫೋನ್ ಬೇಡ. ನಾನು ವರ್ನಾ ಹಾಲಿಸ್. ಡೂಯಿ ತಾಯಿ."

ಕಿವಿಯ ಮೇಲಿದ್ದುದನ್ನು ತೆಗೆದು ಕೆಳಗಿಟ್ಟೆ. ಬೋರ್ಡನ್ನು ಇನ್ನೊಬ್ಬಳಿಗೆ ಒಪ್ಪಿಸಿ, ಅಪ್ಪನ ಲಾರಿಯಲ್ಲಿ ನಾನೇ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಒಂದೇ ಮಾತಾಡಿದ್ದು: "ಇಲ್ಲಿ ಮರಾನೇ ಇಲ್ವಲ್ಲ. ಕಲ್ಲನ್ನೇ ಕಂಬ ಮಾಡಿದೀರಿ."

ಲೈನಸ್ ಅಂಗಳದಲ್ಲಿ, ದನಗಳ ನೀರಿನ ತೊಟ್ಟಿಯ ಪಕ್ಕ ಪಂಪು ರಿಪೇರಿ ಮಾಡುತ್ತಿದ್ದ. ಅವಳನ್ನು ಕಂಡು ನಿಧಾನಕ್ಕೆ ಎದ್ದು ನಿಂತ. ನಾನು ಏನೂ ಹೇಳುವ ಮೊದಲೇ, "ನೀವು ಡೂಯಿ ಅಮ್ಮ," ಎಂದ. "ಹುಬ್ಬು ಹಾಗೇ ಇದೆ."

"ನೀನು ನಾನು ಕಳಿಸಿದ ಪೀಚ್ ಹಣ್ಣಿನ ಜಾಮ್ ತಿಂದೋನು."

"ಹೌದಮ್ಮ. ಎರಡು ಬಾಟ್ಲಿ."

ಆಗಲೇ ನನಗೆ ಗೊತ್ತಾದದ್ದು. ಆ ಸಾವಿಗೆ ಹಿಂದಿನ ವರ್ಷ ಡೂಯಿಯೂ ಲೈನಸ್ಸೂ ಒಂದೇ ತಂಡ, ಒಂದೇ ಕೋಣೆ. ಆಮೇಲೆ ಡೂಯಿಯನ್ನು ಬೇರೆ ತಂಡಕ್ಕೆ ಕಳಿಸಿದ್ದರು. ಇದನ್ನು ಲೈನಸ್ ನನಗೂ ಹೇಳಿರಲಿಲ್ಲ.

"ನೀನು ಪತ್ರ ಬರೆದಿದ್ದೆ," ಎಂದಳು ಅವಳು. "ಕ್ಷಮಿಸಿ ಅಂತ ಮೂರು ಸಲ ಬರೆದಿದ್ದೆ. ಹೇಗಾಯ್ತು ಅಂತ ಒಂದು ಸಲಾನೂ ಬರೀಲಿಲ್ಲ. ಚೆಂಡು ಜಾರಿತು ಅಂತ ಪೇಪರಿನವರು ಹೇಳಿದ್ರು. ಹೌದಾ?"

ಲೈನಸ್ ಬಾಯಿ ತೆರೆದ. ನಾನು ಅವನಿಗಿಂತ ಮೊದಲೇ ಹೇಳಿಬಿಟ್ಟೆ: "ಹೌದಮ್ಮ, ಜಾರಿದ್ದು. ಮಳೆ ಬಂದಿತ್ತು. ಚೆಂಡು ಒದ್ದೆಯಾಗಿತ್ತು."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ. "ನೀನು ಅಲ್ಲಿದ್ಯಾ?"

"ಇಲ್ಲ."

"ಮತ್ತೆ?"

ಅವಳು ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟಳು, ನೀರಿನೊಳಗೆ ಬೆರಳು ಇಳಿಬಿಟ್ಟಳು. "ನನಗೆ ಈ ಆಟ ಅಷ್ಟು ತಿಳಿಯಲ್ಲ. ಒದ್ದೆ ಚೆಂಡು ಹೇಗೆ ಜಾರುತ್ತೆ ಅಂತ ಒಂದು ಸಲ ತೋರ್ಸು, ಲೈನಸ್. ನೋಡ್ಕೊಂಡು ಹೋಗ್ತೀನಿ. ಅಷ್ಟಕ್ಕೇ ಬಂದಿದ್ದು."

"ಬೇಡಮ್ಮ," ಎಂದೆ ನಾನು. "ಅವನು ಹನ್ನೊಂದು ತಿಂಗಳಿಂದ ಚೆಂಡು ಮುಟ್ಟಿಲ್ಲ."

"ನಾನೂ ಹನ್ನೊಂದು ತಿಂಗಳಿಂದ ಮಲಗಿಲ್ಲ."

ಲೈನಸ್ ಕೊಟ್ಟಿಗೆಯೊಳಗೆ ಹೋಗಿ ಬಕೆಟ್ಟು ತಂದ. ಅದರಲ್ಲಿ ಏಳೆಂಟು ಹಳೇ ಚೆಂಡು, ಮೇಲೆ ನನ್ನಣ್ಣನ ಗ್ಲೌಸು. ಗ್ಲೌಸನ್ನು ನನ್ನ ಕೈಗೆ ಕೊಟ್ಟ, ಮುಖ ನೋಡಲಿಲ್ಲ. ಚೆಂಡುಗಳನ್ನೆಲ್ಲ ಒಂದೊಂದಾಗಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿದ. ನಾನು ಇಪ್ಪತ್ತು ಹೆಜ್ಜೆ ಎಣಿಸಿ, ಕೊಟ್ಟಿಗೆಯ ಗೋಡೆಗೆ ಬೆನ್ನು ಮಾಡಿ ಕೂತೆ. ಎಕ್ಸ್‌ಚೇಂಜಿನ ಲಂಗ ಮಣ್ಣಿಗೆ ತಾಗಿತು. ಗ್ರೇಟಾ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ವರ್ನಾ ಹಾಲಿಸ್ ನನ್ನ ಪಕ್ಕದಲ್ಲಿ, ಬ್ಯಾಟು ಹಿಡಿಯುವವನು ನಿಲ್ಲುವ ಜಾಗಕ್ಕಿಂತ ಎರಡು ಹೆಜ್ಜೆ ಆಚೆ ನಿಂತಳು. ಅಷ್ಟು ಹತ್ತಿರ ಬೇಡ ಎಂದು ಲೈನಸ್ ಕೂಗಿದ. ಅವಳು ಕದಲಲಿಲ್ಲ.

ಮೊದಲನೆಯ ಚೆಂಡು ನನ್ನವರೆಗೂ ಬರಲಿಲ್ಲ, ಮಣ್ಣಿಗೆ ಬಿದ್ದು ಕೆಸರಿನ ಉಂಡೆಯಾಯಿತು.

"ನೋಡಿದ್ರಾಮ್ಮ!" ಎಂದೆ. "ಹೀಗೇ ಜಾರೋದು."

"ಅದು ಜಾರಿದ್ದಲ್ಲ," ಎಂದ ಲೈನಸ್ ಅಲ್ಲಿಂದಲೇ. "ಕೈ ಮರೆತಿತ್ತು."

ಎರಡನೆಯದು ತಲೆಯ ಮೇಲೆ ಹಾದು ಗೋಡೆಗೆ ಬಡಿಯಿತು. ಮೂರನೆಯದು ಗ್ಲೌಸಿನ ಅಂಚಿಗೆ. ನಾಲ್ಕನೆಯದು ಬಂದು ನಟ್ಟ ನಡುವೆ ಕೂತಿತು, ನೀರು ನನ್ನ ಮುಖಕ್ಕೆ ಸಿಡಿಯಿತು. ಐದನೆಯದಕ್ಕೆ ನಾನು ಒಂದು ಮೋಸ ಮಾಡಿದೆ. ಅವನ ಕೈಯಿಂದ ಚೆಂಡು ಬಿಡುಗಡೆಯಾದ ಮೇಲೆ ಗ್ಲೌಸನ್ನು ಪಕ್ಕಕ್ಕೆ ಎಳೆದುಕೊಂಡೆ, ಗುರಿ ತಪ್ಪಿದಂತೆ ಕಾಣಲಿ ಎಂದು. ಚೆಂಡು ಗ್ಲೌಸು ಇದ್ದ ಜಾಗವನ್ನೇ ಹಾದು, ಹಿಂದಿನ ಗೋಡೆಯ ಕಲ್ಲಿಗೆ ಬಿತ್ತು. ಲೈನಸ್ ಕೈ ಕೆಳಗಿಳಿಸಿ ನನ್ನನ್ನು ನೋಡಿದ.

"ಟಿಲ್ಲಿ, ನೆಟ್ಟಗೆ ಹಿಡಿ."

ಆರನೆಯದನ್ನು ಅವನು ನೀರಿನೊಳಗೆ ಬಹಳ ಹೊತ್ತು ಹಿಡಿದಿದ್ದ. ತೆಗೆದಾಗ ಮೊಣಕೈವರೆಗೂ ನೀರು ಇಳಿಯುತ್ತಿತ್ತು. ನಾನು ಗ್ಲೌಸನ್ನು ಎದೆಯ ಮುಂದೆ ಇಟ್ಟೆ. ಅವನು ಕಾಲೆತ್ತಿದ. ಹನ್ನೊಂದು ತಿಂಗಳು ಮರೆತಿದ್ದ ಮೈ ಒಮ್ಮೆಲೇ ನೆನಪು ಮಾಡಿಕೊಂಡಿತು; ಬೆನ್ನು, ಭುಜ, ಮಣಿಕಟ್ಟು ಒಂದರ ಹಿಂದೆ ಒಂದು ಬಿಚ್ಚಿಕೊಂಡವು. ಚೆಂಡು ಕಾಣಲಿಲ್ಲ. ಬಿಸಿಲಿನಲ್ಲಿ ನೀರಿನ ಒಂದು ಎಳೆ ಮಾತ್ರ ಕಂಡಿತು, ಅಲ್ಲಿಂದ ಇಲ್ಲಿಗೆ ಬೆಳ್ಳಗೆ ಎಳೆದ ಗೆರೆಯಂತೆ. ಗ್ಲೌಸು ಅಲ್ಲಾಡಲಿಲ್ಲ. ಅಂಗೈಯಲ್ಲಿ ಎಂದೂ ಕೇಳದಂಥ ಸದ್ದು. ಕೊಟ್ಟಿಗೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು.

ನನ್ನ ಹೆಬ್ಬೆರಳ ಮೂಳೆ ಮುರಿದಿತ್ತು. ಸಂಜೆಯವರೆಗೂ ನನಗೆ ಅದು ತಿಳಿಯಲಿಲ್ಲ.

ಲೈನಸ್ ನಡೆದು ಬಂದ. ಅವಳ ಮುಂದೆ ನಿಂತ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಜಾರಲಿಲ್ಲಮ್ಮ."

"ಗೊತ್ತು," ಎಂದಳು ಅವಳು. ಕೈಚೀಲದಿಂದ ಒಂದು ಮಡಿಸಿದ ಕಾಗದ ತೆಗೆದಳು, ಬಿಚ್ಚಲಿಲ್ಲ. "ಡೂಯಿ ಬರೆದಿದ್ದ. ಕಾನ್ಸಾಸಿನೋನು ಒಬ್ಬ ಇದಾನಮ್ಮ, ಹಸು ಕಿವಿ ಮೇಲಿನ ನೊಣಾನ ಹಸುಗೆ ಗೊತ್ತಾಗದ ಹಾಗೆ ಹೊಡೀತಾನೆ ಅಂತ. ಇದನ್ನ ಓದಿದೋಳು ನಾನು, ಜಾರಿತು ಅಂದ್ರೆ ಹೇಗೆ ನಂಬ್ಲಿ? ಕೊಲ್ಬೇಕು ಅಂತಿತ್ತಾ ನಿನಗೆ?"

"ಇಲ್ಲ. ಹೆದರಿಸ್ಬೇಕು ಅಂತಿತ್ತು. ಹೇಳಿದ್ರು, ಮಾಡ್ದೆ."

"ಅವನು ಹೆದರಿದ್ನಾ?"

"ಇಲ್ಲಮ್ಮ. ಅದೇ ಆಗಿದ್ದು. ಬೇರೆ ಯಾರೇ ಆಗಿದ್ರೂ ಬಗ್ಗಿಬಿಡ್ತಿದ್ರು. ಅವನು ನನ್ನ ಕೈ ನೋಡಿದ್ದ. ಲೈನಸ್ ಗುರಿ ತಪ್ಪಲ್ಲ, ನನಗೆ ತಾಗಿಸಲ್ಲ ಅಂತ ಹಾಗೇ ನಿಂತಿದ್ದ. ನಗ್ತಾ ಇದ್ದ."

ವರ್ನಾ ಹಾಲಿಸ್ ಮಣ್ಣಿನ ಮೇಲೆ ಕೂತುಬಿಟ್ಟಳು. ಬಿದ್ದಳೋ ಕೂತಳೋ ಹೇಳಲಾರೆ. ಅಳುವಿನಂಥದ್ದೇನೂ ಕೇಳಲಿಲ್ಲ, ಒಂದು ಸಲ ಮಾತ್ರ ದೀರ್ಘವಾಗಿ ಉಸಿರು ಬಿಟ್ಟಳು. ಗ್ರೇಟಾ ಅತ್ತೆ ಬಂದು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಇಂಗ್ಲಿಷ್ ಅತ್ತೆಗೆ ಅಷ್ಟಕ್ಕಷ್ಟೆ. ಜರ್ಮನ್‌ನಲ್ಲೇ ಏನೋ ಹೇಳಿದಳು, ಆಮೇಲೆ ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಕೋಸು, ಮಾಂಸ ತುಂಬಿ ಸುಟ್ಟ ಬನ್ನು ತಟ್ಟೆಗೆ ಹಾಕಿದಳು. ವರ್ನಾ ಅರ್ಧ ತಿಂದಳು. ಲೈನಸ್ ಒಳಗೆ ಬರಲಿಲ್ಲ. ಚದುರಿಬಿದ್ದ ಚೆಂಡುಗಳನ್ನು ಹೆಕ್ಕುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ಮೂರು ಗಂಟೆಯ ಬಸ್ಸಿಗೆ ನಾನೇ ಬಿಟ್ಟೆ. ಬಸ್ಸು ಬಂದು ನಿಂತ ಮೇಲೆ ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಕೊನೇ ಚೆಂಡು ಬಂದಾಗ ನೀನು ನಕ್ಕೆ."

"ಇಲ್ಲಮ್ಮ..."

"ನಕ್ಕೆ. ಬಾಯಿ ತುಂಬ ನಕ್ಕೆ. ನಾನು ಚೆಂಡು ನೋಡ್ಲಿಲ್ಲ ಮಗಳೇ, ನಿನ್ನೇ ನೋಡ್ತಿದ್ದೆ."

ಬಾಗಿಲು ಮುಚ್ಚಿತು. ಅವಳು ಆಚೆ ಬದಿಯ ಕಿಟಕಿಗೆ ಹೋಗಿ ಕೂತಳು.

ಆ ವಾರವೇ ಲೈನಸ್ ಕ್ಲೆಮೆನ್ಸನ ಅಂಗಡಿಗೆ ಹೋಗಿ, ಎಲ್ಲರೂ ಕೂತಿದ್ದಾಗ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಣ ಚೆಂಡು, ಸನ್ನೆ, ಗುರಿ, ಎಲ್ಲ. ಕ್ಲೆಮೆನ್ಸ್ ಕತ್ತಿಯನ್ನು ಕೆಳಗಿಟ್ಟು ಅವನ ಭುಜ ಹಿಡಿದುಕೊಂಡ.

"ಅಪ್ಪಾ ಮಗನೇ, ದುಃಖ ನಿನ್ನ ತಲೆಗೆ ಹೋಗಿದೆ. ನಿನ್ನಂಥೋನು ಬೇಕಂತ ಮಾಡ್ತಾನಾ? ಹೋಗು, ಮಲಕ್ಕೋ."

"ಬೇಕಂತಾನೇ ಎಸೆದೆ, ಕ್ಲೆಮೆನ್ಸ್."

"ಆಯ್ತಪ್ಪಾ, ಆಯ್ತು. ಟಿಲ್ಲೀನ ಕೇಳಿದೀವಿ ನಾವು. ಅವಳೇ ಹೇಳಿದಾಳೆ, ಜಾರಿದ್ದು ಅಂತ. ನಿನ್ನ ಕೈ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ನಿಜ, ನಾನೇ ಹೇಳಿದ್ದೆ. ಊರಿಗೆಲ್ಲ ಹೇಳಿದ್ದೆ. ಅವನು ಲೀಗಿನವರಿಗೂ ಪತ್ರ ಬರೆದ, ಉತ್ತರ ಬರಲಿಲ್ಲ. ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬದ ಆಟಕ್ಕೆ ಮೊದಲ ಚೆಂಡು ಅವನೇ ಎಸೆಯಬೇಕೆಂದು ಊರಿನವರು ಮನೆ ಬಾಗಿಲಿಗೆ ಬಂದು ಕೇಳಿಕೊಂಡರು. ಅವನನ್ನು ತಪ್ಪಿತಸ್ಥ ಎನ್ನಲು ನಮ್ಮೂರಿನಲ್ಲಿ ಒಬ್ಬರೂ ಸಿಗಲಿಲ್ಲ. ಅಷ್ಟು ಪ್ರೀತಿ. ಆ ಪ್ರೀತಿಯಲ್ಲಿ ಅವನು ಉಸಿರು ಕಟ್ಟಿದವನಂತೆ ಓಡಾಡುತ್ತಿದ್ದ. ಅಕ್ಟೋಬರಿನಲ್ಲಿ ವಯೋಮಿಂಗಿನ ಎಣ್ಣೆ ಬಾವಿಗಳ ಕೆಲಸಕ್ಕೆ ಹೊರಟುಹೋದ. ಹೊರಡುವಾಗ ನನಗೆ ಹೇಳಲಿಲ್ಲ.

ಮತ್ತೆ ನೋಡಿದ್ದು ಅರವತ್ತೊಂಬತ್ತರಲ್ಲಿ, ಗ್ರೇಟಾ ಅತ್ತೆಯನ್ನು ಮಣ್ಣು ಮಾಡಿದ ದಿನ. ಆ ಹೊತ್ತಿಗೆ ನನಗೆ ಮದುವೆಯಾಗಿ ನಾಲ್ಕು ಮಕ್ಕಳು. ಇಗರ್ಜಿಯ ಹಾಲಿನಲ್ಲಿ ಊಟ ನಡೆಯುತ್ತಿತ್ತು. ಅವನು ಕಾಫಿ ಹಿಡಿದು ಹೊರಗಿನ ಕಲ್ಲುಮೆಟ್ಟಿಲ ಮೇಲೆ ಕೂತಿದ್ದ. ಕೂದಲು ನರೆತಿತ್ತು. ಪಕ್ಕದಲ್ಲಿ ಕೂತೆ.

"ಹೇಗಿದೀಯೋ?"

"ಇದೀನಿ."

"ಮದುವೆ ಗಿದುವೆ?"

"ಯಾರು ಒಪ್ತಾರೆ?" ಎಂದು ಸ್ವಲ್ಪ ನಕ್ಕ. ಆಮೇಲೆ ತಾನಾಗಿಯೇ ಹೇಳಿದ: "ವರ್ಷಕ್ಕೊಂದು ಸಲ ಒಕ್ಲಹೋಮಕ್ಕೆ ಹೋಗ್ತೀನಿ. ಆಕೆ ಮನೆಗೆ. ಮೊದಲ ವರ್ಷ ಬಾಗಿಲು ತೆಗೀಲಿಲ್ಲ. ಎರಡನೇ ವರ್ಷ ತೆಗೆದ್ಲು."

"ಏನು ಮಾತಾಡ್ತೀರಿ?"

"ಮಾತೇನೂ ಇಲ್ಲ. ಸೂರು ಸೋರ್ತಿದ್ರೆ ಸರಿ ಮಾಡ್ತೀನಿ. ಊಟಕ್ಕಿಡ್ತಾಳೆ. ಎದ್ದು ಬರ್ತೀನಿ."

"ಕ್ಷಮಿಸಿದಾಳಾ?"

"ನಾನು ಕೇಳಿಲ್ಲ. ಆಕೆ ಹೇಳಿಲ್ಲ."

ಒಳಗೆ ಯಾರೋ ಗಟ್ಟಿಯಾಗಿ ಆ ಹತ್ತೊಂಬತ್ತು ಜನರ ಕತೆ ಶುರುಮಾಡಿದ್ದು ಕೇಳಿಸಿತು. ಅವನ ತಾಯಿಯ ಸಾವಿನ ಊಟದಲ್ಲೂ. ಅವನು ಕಾಫಿಯನ್ನು ಮೆಟ್ಟಿಲ ಪಕ್ಕದ ಹುಲ್ಲಿಗೆ ಚೆಲ್ಲಿದ.

"ಟಿಲ್ಲಿ, ಅವತ್ತು ಆರನೇ ಚೆಂಡು..."

"ಹೂಂ."

"ನಾನು ಹುಟ್ಟಿದಾಗಿಂದ ಎಸೆದ ಚೆಂಡುಗಳಲ್ಲೆಲ್ಲ ಅದೇ ಒಳ್ಳೇದು."

"ಗೊತ್ತು ಕಣೋ. ಹಿಡಿದೋಳು ನಾನು."

"ಆಕೆ ಎದುರಿಗೆ ಎಸೆದೆ. ಅವನ ತಾಯಿ ಎದುರಿಗೆ. ಆ ಹೊತ್ತು ನನಗೆ ಡೂಯಿ ನೆನಪೇ ಆಗಲಿಲ್ಲ. ಎಷ್ಟು ಸುಖ ಆಯ್ತು ಅಂದ್ರೆ..." ಅವನು ಮಾತು ನಿಲ್ಲಿಸಿದ. "ಇದನ್ನ ಇನ್ಯಾರಿಗೂ ಹೇಳೋ ಹಾಗಿಲ್ಲ, ಅಲ್ವಾ?"

"ಇಲ್ಲ," ಎಂದೆ. "ನಾನೂ ಹೇಳೋ ಹಾಗಿಲ್ಲ."

ಇಬ್ಬರೂ ಹಾಗೇ ಕೂತಿದ್ದೆವು. ನನ್ನ ಮಗಳು ಬಂದು, ಅಮ್ಮಾ, ಪಾತ್ರೆ ತೊಳೆಯೋಕೆ ಕರೀತಿದಾರೆ ಎಂದಾಗ ಎದ್ದೆ.

ಎಂಬತ್ತೊಂದರಲ್ಲಿ ಅವನು ವಯೋಮಿಂಗಿನಲ್ಲೇ ತೀರಿಕೊಂಡ. ಮೂರು ವರ್ಷದ ಮೇಲೆ ಇಗರ್ಜಿಯ ಹಿಂದಿನ ಬಯಲಿಗೆ ಬೇಲಿ ಹಾಕಿ, ಆಸನ ಕಟ್ಟಿ, ಅವನ ಹೆಸರಿಟ್ಟರು. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದರು. ಮುಂದೆ ಐನೂರು ಜನ, ಊರಿನ ಮಕ್ಕಳೆಲ್ಲ ಟೊಪ್ಪಿ ಹಾಕಿಕೊಂಡು ಸಾಲಾಗಿ. ಹೇಳಬೇಕೆಂದು ಮನೆಯಿಂದ ಗಟ್ಟಿಮಾಡಿಕೊಂಡು ಹೋಗಿದ್ದೆ. ಒಣ ಚೆಂಡು, ಒದ್ದೆ ಚೆಂಡು, ಡೂಯಿ ಹಾಲಿಸ್ ಎಂಬ ಹೆಸರು, ಎಲ್ಲ. ಬಾಯಿ ತೆರೆದರೆ ಬಂದದ್ದು ಕೊಟ್ಟಿಗೆಯ ಚಳಿಗಾಲ, ತಗಡಿನ ಡಬ್ಬ, ಹತ್ತೊಂಬತ್ತು ಜನ. ಜನ ನಕ್ಕರು, ಚಪ್ಪಾಳೆ ಹೊಡೆದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ನನಗೂ ಖುಷಿಯಾಯಿತು. ಅದೇ ನನ್ನನ್ನು ಕಾಡುವುದು, ಪ್ರತಿ ಸಲವೂ ಖುಷಿಯಾಗುತ್ತದೆ.

ಮಾರನೆಯ ದಿನ ಒಕ್ಲಹೋಮದಲ್ಲಿ ಅವಳಿದ್ದ ಊರಿನ ಎಕ್ಸ್‌ಚೇಂಜಿಗೆ ಫೋನು ಮಾಡಿ ವರ್ನಾ ಹಾಲಿಸ್ ನಂಬರು ಕೇಳಿದೆ. ಆ ಹೆಸರಿನವರು ಈಗ ಇಲ್ಲ ಎಂದಳು ಆಪರೇಟರು. ಇನ್ನೂ ಎಳೇ ದನಿ. "ಬೇರೆ ಯಾರಾದರೂ ಬೇಕಿತ್ತಾ ಮೇಡಂ?" ಎಂದಳು. ಬೇರೆ ಯಾರೂ ಬೇಕಿರಲಿಲ್ಲ. ಥ್ಯಾಂಕ್ಸ್ ಹೇಳಿ ಇಟ್ಟೆ.